ಮನಸ್ಸಿಗೆ ಬಂದದ್ದೆಲ್ಲ ಪಾಪವೇ?

ಸುರಪುರ ನನ್ನ ತವರು, ಶಹಾಪುರ ಗಂಡನ ಮನೆ, ನೌಕರಿ ಯಾದಗಿರಿಯಲ್ಲಿ. ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಮಗ ಕೈಗೂಸಾಗಿದ್ದಾಗ ಅವನನ್ನು ಯಾದಗಿರಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಶಾಲೆಗೆ ಹೋಗುತ್ತಿದ್ದೆ. ಬಸ್ಸು ಭೀಮಾ ನದಿಯ ಸೇತುವೆಗೆ ಬಂತೆಂದರೆ ತಲೆಯೊಳಗೆ ಒಂದು ಯೋಚನೆ ಏಳುತ್ತಿತ್ತು: ಈ ಕೂಸನ್ನು ಕಿಟಕಿಯಿಂದ ಹೊಳೆಗೆ ಎಸೆದುಬಿಟ್ಟರೆ? ಎಸೆಯುವ ಆಸೆಯಿಲ್ಲ, ಸಿಟ್ಟಿಲ್ಲ, ಏನೂ ಇಲ್ಲ. ಆದರೂ ಯೋಚನೆ ಬರುತ್ತಿತ್ತು. ಕಿಟಕಿ ಪಕ್ಕದ ಸೀಟು ಬಿಟ್ಟೆ. ಆಮೇಲೆ ಕೂಸನ್ನು ಸೆರಗಿನಲ್ಲಿ ಸುತ್ತಿ ಗಂಟು ಹಾಕಿ ಕೂರತೊಡಗಿದೆ. ಗಂಟು ಬಿಗಿಯಾದಷ್ಟೂ ಯೋಚನೆಯೂ ಬಿಗಿಯಾಯಿತು.

ಹೆದರಿಕೆಗಿಂತ ಹೆಚ್ಚು ಕಾಡಿದ್ದು ಧರ್ಮದ ಪ್ರಶ್ನೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಅಂತರಂಗ ಶುದ್ಧವಿರಬೇಕು, ಹೊರಗಿನ ಮಡಿ ದೊಡ್ಡದಲ್ಲ ಎಂದು ನಮ್ಮಜ್ಜಿ ಹೇಳಿಕೊಟ್ಟಿದ್ದಳು. ಆ ಮಾತು ಜಾತಿ-ಸೂತಕದ ಸೊಕ್ಕು ಮುರಿಯಲು ಹುಟ್ಟಿದ್ದು, ಬಹಳ ದೊಡ್ಡ ಮಾತು. ಆದರೆ ನನ್ನಂಥವಳ ಕೈಗೆ ಸಿಕ್ಕರೆ ಅದೇ ಕುತ್ತಿಗೆಗೆ ಬರುತ್ತದೆ. ಹೊರಗಿನ ಮೈಲಿಗೆಗೆ ನೀರಾದರೂ ಇದೆ, ಒಳಗೆ ಇಂಥ ಯೋಚನೆ ಇಟ್ಟುಕೊಂಡವಳು ಏನು ತೊಳೆದುಕೊಳ್ಳಬೇಕು? ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಅಲ್ಲೂ ಅದೇ ಸೇತುವೆ. ಪೂಜೆ ಬಿಟ್ಟೆ. ಮನೆಯಲ್ಲಿ ಕೇಳಿದರೆ ಬೆಳಿಗ್ಗೆ ಪುರುಸೊತ್ತಿಲ್ಲ ಅನ್ನುತ್ತಿದ್ದೆ. ದೈವದ ಭಯ ಕಡಿಮೆ ಇದ್ದವರಿಗೆ ಈ ಕಷ್ಟ ಇಷ್ಟಿರಲಿಕ್ಕಿಲ್ಲ. ಇಂಗ್ಲೆಂಡಿನ ಬೋಧಕ ಜಾನ್ ಬನಿಯನ್ 1666ರಲ್ಲಿ ಬರೆದುಕೊಂಡ ಆತ್ಮವೃತ್ತಾಂತದಲ್ಲಿ, ‘ಕ್ರಿಸ್ತನನ್ನು ಮಾರಿಬಿಡು’ ಎಂಬ ಯೋಚನೆ ತನ್ನನ್ನು ಹಗಲುರಾತ್ರಿ ಕಾಡಿದ್ದನ್ನು ಹೇಳುತ್ತಾನೆ. ಯಾರಿಗೆ ಯಾವುದು ಪ್ರಾಣಕ್ಕೆ ಸಮಾನವೋ ಯೋಚನೆ ಅದರ ಮೇಲೇ ಬಂದು ಕೂರುತ್ತದೆ.

ಯೋಚನೆಯನ್ನು ಸೂಚನೆ ಎಂದು ತಿಳಿಯುವುದು ನಮ್ಮ ಸುರಪುರದವರಿಗೆ ಹೊಸದಲ್ಲ. ದೊರೆ ವೆಂಕಟಪ್ಪ ನಾಯಕನ ಜಾತಕದ ಕತೆ ಕೇಳಿಯೇ ನಾನು ಬೆಳೆದದ್ದು. ಕತೆ ಎಂದೆ, ಆದರೆ ಅದನ್ನು ಬರೆದಿಟ್ಟವನು ಫಿಲಿಪ್ ಮೆಡೋಸ್ ಟೇಲರ್. ದೊರೆ ಇನ್ನೂ ಹುಡುಗನಾಗಿದ್ದಾಗ, 1841ರಲ್ಲಿ, ಸಂಸ್ಥಾನದ ಉಸ್ತುವಾರಿಗೆ ಬಂದವನು. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಊರ ಗುಡ್ಡದ ಮೇಲೆ ಇವತ್ತಿಗೂ ಇದೆ. 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯ ಪ್ರಕಾರ, ಹುಡುಗ 24ನೇ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕ ಹೇಳಿತ್ತು. ಅದನ್ನು ಬಲ್ಲವರು ರಾಣಿ ಈಶ್ವರಮ್ಮ ಮತ್ತು ಪುರೋಹಿತರು. ಆಮೇಲೆ ಟೇಲರ್. 1858ರ ಬಂಡಾಯದಲ್ಲಿ ದೊರೆ ಸೆರೆಸಿಕ್ಕ. ಶಿಕ್ಷೆ ಕಡೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸಿನ ಕಡೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಅವನೇ ಹೊಡೆದುಕೊಂಡ ಎಂದು ಟೇಲರ್ ಬರೆಯುತ್ತಾನೆ, ನಮ್ಮ ಕಡೆ ಎಲ್ಲರೂ ಒಪ್ಪುವುದಿಲ್ಲ. ಆಗ ಅವನಿಗೆ 24ನೇ ವರ್ಷ.

‘ನೋಡಿದೇನವ್ವಾ, ಬರದದ್ದು ತಪ್ಪಲಿಲ್ಲ’ ಎಂದು ದೊಡ್ಡವರು ಕತೆ ಮುಗಿಸುತ್ತಿದ್ದರು. ಸೇತುವೆಯ ಮೇಲೆ ನನಗೂ ಇದೇ ಸಾಲು ನೆನಪಾಗುತ್ತಿತ್ತು. ಇತಿಹಾಸದ ಪಾಠ ಮಾಡುವವಳಾಗಿ ಈಗ ಹೇಳುತ್ತೇನೆ: 1858ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಕತ್ತಿ ಎತ್ತಿದ ತರುಣ ದೊರೆ ಸಾಯಲು ನಕ್ಷತ್ರಗಳ ನೆರವು ಬೇಕಿರಲಿಲ್ಲ. ನನ್ನ ಮನಸ್ಸು ತಂಗುವುದು ರಾಣಿಯ ಹತ್ತಿರ. ಮಗನಿಗೆ ಜ್ವರ ಬಂದಾಗಲೆಲ್ಲ ಆಕೆ ಏನು ಲೆಕ್ಕ ಹಾಕಿರಬೇಕು! ಆಡಳಿತದ ವಿಷಯದಲ್ಲಿ ಟೇಲರನಿಗೂ ಆಕೆಗೂ ಆಗಿಬರುತ್ತಿರಲಿಲ್ಲ. ಆದರೂ ಗುಟ್ಟು ಅವನಿಗೆ ಗೊತ್ತಾಯಿತು. ಜಾತಕವನ್ನು ನಂಬಿ ನಡುಗುವವರಿಗೆ ಅರಮನೆಯಲ್ಲಿ ಬರವಿರಲಿಲ್ಲ. ನಂಬದೆ, ನಗದೆ, ಊರಿಗೆ ಹಬ್ಬಿಸದೆ ಕೇಳುವ ಒಂದು ಜೀವ ಬೇಕಿತ್ತೇನೋ. ಇದು ನನ್ನ ಊಹೆ. ಆ ಹುಡುಗನೂ ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದ, ಸಿಕಂದರಾಬಾದಿನ ಸೆರೆಮನೆಯಲ್ಲಿ ಅವನನ್ನು ಕಂಡು ಅತ್ತ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಫೋಟೋ ತೆಗೆಸಿಕೊಳ್ಳಲು ಜನ ಬರುತ್ತಾರೆ. ದಿನಾ ನೋಡುವ ನಮಗೆ ಅದು ಬರೀ ಬೆಟ್ಟ. ಶಾಲೆಯ ಗ್ರಂಥಾಲಯದಲ್ಲಿ ಬುದ್ಧನ ಪುಸ್ತಕ ತೆಗೆದದ್ದಕ್ಕೆ ಮಾತ್ರ ಆ ಬೆಟ್ಟವೇ ಕಾರಣ. ಅಲ್ಲಿ ಸಿಕ್ಕವನು ಮೇಘಿಯ. ಪಾಲಿಯ ‘ಉದಾನ’ದಲ್ಲಿ ಬರುವ ಭಿಕ್ಷು, ಬುದ್ಧನ ಸೇವೆಗಿದ್ದವನು. ಹೊಳೆದಂಡೆಯ ಮಾವಿನ ತೋಪು ನೋಡಿ, ಇಲ್ಲಿ ಒಬ್ಬನೇ ಕೂತು ಧ್ಯಾನ ಮಾಡುತ್ತೇನೆ ಎಂದು ಹಟ ಹಿಡಿಯುತ್ತಾನೆ. ಇನ್ನೊಬ್ಬ ಭಿಕ್ಷು ಬರುವ ತನಕ ತಡೆ ಎಂದರೂ ಕೇಳುವುದಿಲ್ಲ. ಹೋಗಿ ಕೂತರೆ ಧ್ಯಾನವಲ್ಲ, ಕಾಮದ ಯೋಚನೆ, ದ್ವೇಷದ ಯೋಚನೆ, ಹಿಂಸೆಯ ಯೋಚನೆ ಮುತ್ತಿಕೊಳ್ಳುತ್ತವೆ. ಶ್ರದ್ಧೆಯಿಂದ ಮನೆ ಬಿಟ್ಟು ಬಂದವನಿಗೆ ಇವೆಲ್ಲಿಂದ ಬಂದವು ಎಂದು ಬೆರಗಾಗಿ ವಾಪಸು ಬಂದು ಹೇಳುತ್ತಾನೆ. ಬುದ್ಧ ಛೀ ಅನ್ನುವುದಿಲ್ಲ, ಪ್ರಾಯಶ್ಚಿತ್ತ ಕೊಡುವುದಿಲ್ಲ. ಮನಸ್ಸು ಪಕ್ವವಾಗಲು ಬೇಕಾದ ಐದು ಸಂಗತಿಗಳನ್ನು ಹೇಳುತ್ತಾನೆ. ಮೊದಲನೆಯದು ಒಳ್ಳೆಯ ಗೆಳೆಯ. ಶೀಲ ಕೂಡ ಅದಾದ ಮೇಲೆ.

ಹಿಂಸೆಯ ಯೋಚನೆ ಭಿಕ್ಷುವಿಗೂ ಬಂತು ಎಂದು ಓದಿ ನಾನು ಸ್ಟಾಫ್ ರೂಮಿನಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಬುದ್ಧನ ಪ್ರಕಾರ ಕರ್ಮವಾಗುವುದು ಸಂಕಲ್ಪ. ಬೇಡವೆಂದರೂ ನುಗ್ಗಿ ಬರುವ ಯೋಚನೆಯ ಹಿಂದೆ ಸಂಕಲ್ಪ ಎಲ್ಲಿದೆ? ಶರಣರ ಅಂತರಂಗವನ್ನೂ ನಾನು ಈಗ ಹೀಗೇ ಓದುತ್ತೇನೆ, ಬಲ್ಲವರು ತಪ್ಪೆಂದರೆ ಚರ್ಚೆಗೆ ಸಿದ್ಧ. ಅವರು ಕಟ್ಟಿದ್ದು ಒಬ್ಬೊಬ್ಬರೇ ಕಣ್ಣು ಮುಚ್ಚಿ ಕೂರುವ ಗುಹೆಗಳನ್ನಲ್ಲ, ಎದುರುಬದುರು ಕೂತು ಒಳಗಿನದನ್ನು ಆಡಿಕೊಳ್ಳುವ ಅನುಭವ ಮಂಟಪವನ್ನು.

ಆದರೆ ಪುಸ್ತಕ ಗೆಳೆಯನಾಗಲಿಲ್ಲ. ಹೇಳಿಕೊಳ್ಳಬೇಕಿತ್ತು. ಮೊದಲು ಸಿಕ್ಕವರು ಸರಿಯಾದವರಲ್ಲ. ಹಿರಿಯರೊಬ್ಬರು ಮೈಮೇಲೆ ದೇವರು ಬರುವಾಕೆಯ ಹತ್ತಿರ ಕರೆದೊಯ್ದರು. ಆಕೆ ನೀರಿನ ದಂಡೆಯ ಗಾಳಿ ಎಂದಳು, ಭಯಕ್ಕೆ ಹೆಸರು ಸಿಕ್ಕಿತು, ಇನ್ನಷ್ಟು ಬಲಿಯಿತು. ನನ್ನ ಗಂಡ ಒಳ್ಳೆಯ ಮನುಷ್ಯ. ‘ಹಂಗೇನೂ ಆಗಂಗಿಲ್ಲ, ನೀ ಅಂಥಾಕಿ ಅಲ್ಲ’ ಎಂದರು. ರಾತ್ರಿ ನೆಮ್ಮದಿ, ಬೆಳಗಾದರೆ ಮತ್ತೆ ಕೇಳಬೇಕು ಅನಿಸುತ್ತಿತ್ತು. ಅವರು ಮತ್ತೆ ಹೇಳುತ್ತಿದ್ದರು. ಈ ಸಮಾಧಾನದ ಚಟ ಭಯದಷ್ಟೇ ಕೆಟ್ಟದ್ದು.

ಕೊನೆಗೆ ಕೇಳಿಸಿಕೊಂಡವಳು ನನ್ನ ನೆಗೆಣ್ಣಿ, ಭಾವನವರ ಹೆಂಡತಿ. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಹಿಟ್ಟು ನಾದಿ ಕೊಡುತ್ತ, ಅವಳ ಮುಖ ನೋಡದೆ ಎಲ್ಲ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು, ಒದ್ದೆ ಅರಿವೆಯಿಂದ ನೀರು ಸವರಿದಳು, ಹೊರಳಿಸಿದಳು.

‘ನಿನಗೊಬ್ಬಾಕಿಗೇ ಬರ್ತದಂತ ತಿಳದೀ ಏನ್ ತಂಗಿ? ನಮ್ಮ ಹುಡುಗ ಸಣ್ಣಾವಿದ್ದಾಗ ನಾ ಬಾವಿ ಕಟ್ಟಿಗೆ ಹೋಗಲಾಕ ಅಂಜತಿದ್ದೆ. ಕೈಯಾನ ಕೂಸಿನ ಬಿಟ್ಟೇ ಬಿಡ್ತೀನೇನೋ ಅನಸ್ತಿತ್ತು.’

‘ಮತ್ತ ಏನ್ ಮಾಡಿದಿ ಅಕ್ಕಾ?’

‘ಏನ್ ಮಾಡೋದು? ನೀರು ಬೇಕಲ್ಲ. ಅಂಜಿಕೋತ ಸೇದಿದೆ.’

ಮುಂದಿನ ರೊಟ್ಟಿಗೆ ಹಿಟ್ಟು ಕೊಡು ಎಂದು ಕೈ ಚಾಚಿದಳು. ಅವಳು ಹೆದರಲಿಲ್ಲ, ಅರ್ಥ ಹೇಳಲಿಲ್ಲ, ಏನೂ ಆಗುವುದಿಲ್ಲ ಎಂಬ ಮಾತನ್ನೂ ಕೊಡಲಿಲ್ಲ. ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಳ್ಳಲೂ ಇಲ್ಲ. ಆ ನಂಬಿಕೆ ನನಗೆ ಯಾವ ಮಾತಿಗಿಂತ ದೊಡ್ಡದಾಯಿತು.

ಲಂಡನ್ನಿನಲ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ 1978ರಲ್ಲಿ ಪ್ರಕಟಿಸಿದ ಅಧ್ಯಯನವೂ ಅವಳ ಮಾತನ್ನೇ ಹೇಳುತ್ತದೆ: ಇಂಥ ಯೋಚನೆಗಳು ಆರೋಗ್ಯವಂತರಲ್ಲಿ ಬಹುಪಾಲು ಜನರಿಗೂ ಬರುತ್ತವೆ. ಡಿ ಸಿಲ್ವ ಶ್ರೀಲಂಕಾದವರು. ಬೇಡದ ಯೋಚನೆಗಳನ್ನು ನಿಭಾಯಿಸಲು ಬುದ್ಧ ಹೇಳಿದ ದಾರಿಗಳಿಗೂ ಇಂದಿನ ಚಿಕಿತ್ಸೆಗೂ ಇರುವ ಹೋಲಿಕೆಯನ್ನು ಮುಂದೆ ಅವರೇ ಬರೆದರು. ಹಲ್ಲು ಕಚ್ಚಿ ಮನಸ್ಸನ್ನು ಅದುಮುವುದನ್ನು ಬುದ್ಧ ಕಟ್ಟಕಡೆಗೆ ಇಟ್ಟಿದ್ದಾನೆ. ನಾನು ಅದರಿಂದಲೇ ಶುರುಮಾಡಿದ್ದೆ.

ನನಗೆ ವೈದ್ಯರೂ ಬೇಕಾದರು. ಯೋಚನೆ ನಿದ್ದೆ ಕೆಡಿಸಿ, ಸೆರಗಿನ ಗಂಟಿನಂಥ ಕಟ್ಟಳೆಗಳನ್ನು ಹೇರಿದರೆ ಅದು ಗೀಳು ಕಾಯಿಲೆ, ಅದಕ್ಕೆ ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಮನೋವೈದ್ಯರು ಬೆಂಗಳೂರಿನಲ್ಲಷ್ಟೇ ಎಂದುಕೊಂಡವರು ಈಗಲೂ ಇದ್ದಾರೆ. ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು 1985ರಿಂದ ಮಾಡಿ ತೋರಿಸಿದ್ದು ನಮ್ಮ ಕಡೆಯ ಬಳ್ಳಾರಿಯಲ್ಲಿ, ದೇಶಕ್ಕೆಲ್ಲ ಅದೇ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಕೂಡ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ನೆಗೆಣ್ಣಿ ಇಲ್ಲದವರಿಗೆ ಇದು ಸಣ್ಣ ಮಾತಲ್ಲ.

ವೈದ್ಯರು ನನ್ನ ಗಂಡನಿಗೂ ಒಂದು ಪಥ್ಯ ಹೇಳಿದರು: ಅವರು ಕೇಳಿದಾಗಲೆಲ್ಲ ಸಮಾಧಾನ ಹೇಳಬೇಡಿ. ಅಂದಿನಿಂದ ‘ಏನೂ ಆಗಂಗಿಲ್ಲಲ್ಲ?’ ಎಂದರೆ ‘ಡಾಕ್ಟರ್ ಹೇಳಬ್ಯಾಡ ಅಂದಾರ’ ಎಂದು ಪೇಪರು ಎತ್ತಿಕೊಳ್ಳುತ್ತಿದ್ದರು. ನನಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಕೆಲಸ ಮಾಡಿದ್ದು ಅದೇ. ಪೂಜೆಗೂ ಮರಳಿ ಕೂತೆ. ಯೋಚನೆ ಬಂದರೆ ಬರಲಿ, ಲಿಂಗ ಕೈಯಲ್ಲೇ ಇರಲಿ ಎಂದು.

ಮಗ ಈಗ ಕಲಬುರಗಿಯಲ್ಲಿ ಕಾಲೇಜು ಓದುತ್ತಾನೆ. ಇದೆಲ್ಲ ಅವನಿಗೆ ಹೇಳಿದ್ದೇನೆ. ‘ಅದಕ್ಕೇ ನಾ ಬಸ್ಸಿನ್ಯಾಗ ಕಿಟಕಿ ಸೀಟು ಕಂಡಿಲ್ಲ’ ಎಂದ. ನೆಗೆಣ್ಣಿಯನ್ನು ಕೇಳಿಯೇ ಅವಳ ಮಾತನ್ನೂ ಇಲ್ಲಿ ಬರೆದಿದ್ದೇನೆ. ಬಾವಿಯ ವಿಷಯ ಅವಳು ಭಾವನವರಿಗೆ ಇವತ್ತಿಗೂ ಹೇಳಿಲ್ಲ. ಯಾಕೆ ಅಂದರೆ, ‘ಅವರಿಗೆ ಹೇಳಿದ್ರ ಮರುದಿನಾನೇ ಬಾವಿ ಮುಚ್ಚಸ್ತಿದ್ರು. ನೀರಿಗೆ ಎಲ್ಲಿಗೆ ಹೋಗಲಿ?’ ಎನ್ನುತ್ತಾಳೆ.