ರೋಗಿಯ ಮಂಚದ ಬಳಿ ಸತ್ಯ ಮತ್ತು ಪ್ರೀತಿ

ಧರ್ಮಕೇಂದ್ರದ ಗುರುಗಳಾಗಿ ಮನೆಭೇಟಿಗೆ ಹೋಗುವ ನಮಗೆ ಪದೇ ಪದೇ ಕೇಳಿಬರುವ ಒಂದು ಬಿನ್ನಹವಿದೆ. ಮನೆಯವರು ನಮ್ಮನ್ನು ಹೊಸ್ತಿಲಲ್ಲೇ ತಡೆದು, ದನಿ ತಗ್ಗಿಸಿ ಹೇಳುತ್ತಾರೆ: "ಸ್ವಾಮಿ, ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ. ಅಲ್ಸರ್ ಅಂತ ಹೇಳಿದ್ದೇವೆ. ಪ್ರಾರ್ಥನೆ ಮಾಡಿ, ಆಶೀರ್ವಾದ ಕೊಡಿ. ಎಣ್ಣೆ ಹಚ್ಚೋದು ಮಾತ್ರ ಬೇಡ, ಹೆದರಿಬಿಡ್ತಾರೆ."

ಈ ಬಿನ್ನಹದ ಹಿಂದೆ ಇರುವುದು ಪ್ರೀತಿಯೇ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧರ್ಮೋಪದೇಶದ ತರಗತಿಯಲ್ಲಿ ಎಂಟನೆಯ ಕಟ್ಟಳೆಯನ್ನು ಬಾಯಿಪಾಠ ಮಾಡಿದ ಮಕ್ಕಳೇ ದೊಡ್ಡವರಾಗಿ, ಹೆತ್ತ ತಂದೆಯ ಮಂಚದ ಬಳಿ ದಿನಕ್ಕೆ ಹತ್ತು ಸುಳ್ಳು ಹೇಳಬೇಕಾಗುತ್ತದೆ. ಸತ್ಯದಲ್ಲಿ ಬಾಳಿರಿ, ಪ್ರೀತಿಯಲ್ಲಿ ಬಾಳಿರಿ ಎಂದು ನಾವು ಪ್ರವಚನಪೀಠದಿಂದ ಸಲೀಸಾಗಿ ಬೋಧಿಸುತ್ತೇವೆ. ಆ ಎರಡೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ನಿಂತಾಗ ಏನು ಮಾಡಬೇಕು?

ಈ ಪ್ರಶ್ನೆ ಹೊಸದಲ್ಲ. ಇಂದಿನ ಆಲ್ಜೀರಿಯಾದಲ್ಲಿದ್ದ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಸುಮಾರು ಕ್ರಿ.ಶ. 420ರಲ್ಲಿ ಸುಳ್ಳಿನ ವಿರುದ್ಧ ಒಂದು ಗ್ರಂಥವನ್ನೇ ಬರೆದರು. ಅದರಲ್ಲಿ ಅವರು ಒಂದು ಕಠಿಣ ಸಂದರ್ಭವನ್ನು ಮುಂದಿಡುತ್ತಾರೆ. ಒಬ್ಬ ರೋಗಿ ಸಾವು ಬದುಕಿನ ನಡುವೆ ಮಲಗಿದ್ದಾನೆ. ಅವನ ಒಬ್ಬನೇ ಮಗ ತೀರಿಹೋಗಿದ್ದಾನೆ. ತಂದೆಗೆ ಅದು ತಿಳಿಯದು. ತಿಳಿದರೆ ಆ ಆಘಾತದಿಂದಲೇ ಪ್ರಾಣ ಹೋದೀತು. "ನನ್ನ ಮಗ ಹೇಗಿದ್ದಾನೆ?" ಎಂದು ಅವನು ಕೇಳಿದರೆ ಉತ್ತರವೇನು? ಇಂಥ ಪ್ರಶ್ನೆಯ ಮುಂದೆ ತಮ್ಮ ಮನಸ್ಸೂ ಬಲವಾಗಿ ಅಲುಗುತ್ತದೆ ಎಂದು ಅಗಸ್ಟೀನರು ಒಪ್ಪಿಕೊಳ್ಳುತ್ತಾರೆ. ಆದರೂ ಸುಳ್ಳು ಹೇಳಲು ಅವರು ಅನುಮತಿ ಕೊಡುವುದಿಲ್ಲ. ಆ ಅಲುಗಾಟವನ್ನು ಅವರು ಮುಚ್ಚಿಡಲಿಲ್ಲ ಎಂಬುದಕ್ಕಾಗಿಯೇ ನನಗೆ ಅವರ ತೀರ್ಪಿನ ಮೇಲೆ ಹೆಚ್ಚಿನ ಗೌರವ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಸುಳ್ಳನ್ನು ಒಪ್ಪುವುದಿಲ್ಲ. ಆದರೆ ಸತ್ಯವನ್ನು ಎಲ್ಲರಿಗೂ ಎಲ್ಲ ವೇಳೆಯಲ್ಲೂ ಹೇಳಲೇಬೇಕೆಂಬ ನಿರ್ಬಂಧವಿಲ್ಲ, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕೆಂಬುದನ್ನು ಪರಪ್ರೀತಿಯೇ ತೂಗಿ ನೋಡಬೇಕು ಎಂದು ಅದು ಕಲಿಸುತ್ತದೆ. ಅಂದರೆ ಮೌನಕ್ಕೆ ಎಡೆಯಿದೆ. ತೊಂದರೆಯೆಂದರೆ, ರೋಗಿಯ ಮನೆಯಲ್ಲಿ ಮೌನವು ಮೌನವಾಗಿ ಉಳಿಯುವುದೇ ಇಲ್ಲ. ವೈದ್ಯರ ವರದಿಗಳು ಬೀರುವಿನ ಬಟ್ಟೆಗಳ ಕೆಳಗೆ ಸೇರುತ್ತವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರು ಕೇಳಿದರೆ ಸಾಕು, ಯಾವ ಊರಿನವರಿಗಾದರೂ ಅರ್ಥವಾಗಿಬಿಡುತ್ತದೆ. ಆದ್ದರಿಂದ ಆ ಹೆಸರನ್ನೇ ಯಾರೂ ಎತ್ತುವುದಿಲ್ಲ. ನೋಡಲು ಬಂದ ನೆಂಟರಿಗೆಲ್ಲ ಬಾಗಿಲಲ್ಲೇ ಪಾಠ ಹೇಳಿಕೊಡಲಾಗುತ್ತದೆ. ಇಷ್ಟಾದ ಮೇಲೂ ರೋಗಿಗೆ ಬಹುಮಟ್ಟಿಗೆ ತಿಳಿದೇ ಇರುತ್ತದೆ. ಕರಗುತ್ತಿರುವುದು ಅವರದೇ ದೇಹವಲ್ಲವೇ? ಮಕ್ಕಳು ನೊಂದಾರೆಂದು ಅವರು ತಿಳಿಯದವರಂತೆ ಇರುತ್ತಾರೆ. ಅಪ್ಪ ನೊಂದಾರೆಂದು ಮಕ್ಕಳು ನಗುಮುಖ ತೋರುತ್ತಾರೆ. ಒಂದೇ ಸೂರಿನಡಿ ಎಲ್ಲರೂ ಒಬ್ಬೊಬ್ಬರೇ ಅಳುತ್ತಾರೆ.

ರಷ್ಯದ ಲೇಖಕ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟವಾದ 'ಇವಾನ್ ಇಲಿಚ್‌ನ ಸಾವು' ಎಂಬ ಕಥೆಯಲ್ಲಿ ಇದನ್ನೇ ಚಿತ್ರಿಸಿದ್ದಾರೆ. ಸಾಯುತ್ತಿರುವ ಇಲಿಚ್‌ನನ್ನು ನೋವಿಗಿಂತಲೂ ಹೆಚ್ಚು ಕಾಡುವುದು, ಬರೀ ಕಾಯಿಲೆ, ಗುಣವಾಗುತ್ತದೆ ಎಂದು ಸುತ್ತಲಿನವರೆಲ್ಲ ಆಡುವ ಸುಳ್ಳು. ಗೆರಾಸಿಮ್ ಎಂಬ ಹಳ್ಳಿಯ ಆಳೊಬ್ಬ ಮಾತ್ರ ಸುಳ್ಳಾಡುವುದಿಲ್ಲ. ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕುಳಿತಿರುವವನೂ ಅವನೊಬ್ಬನೇ.

ಪಾಶ್ಚಾತ್ಯರು ಎಲ್ಲವನ್ನೂ ಹೇಳಿಬಿಡುತ್ತಾರೆ, ನಮ್ಮ ಸಂಸ್ಕೃತಿ ಹಾಗಲ್ಲ ಎನ್ನುವವರಿದ್ದಾರೆ. ಆದರೆ 1961ರಲ್ಲಿ ಅಮೆರಿಕದ ವೈದ್ಯರನ್ನು ವಿಚಾರಿಸಿದ ಒಂದು ಸಮೀಕ್ಷೆಯಲ್ಲಿ ಶೇಕಡಾ 90ರಷ್ಟು ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸೆಂದಿದ್ದರು. 1979ರ ಸಮೀಕ್ಷೆಯಲ್ಲಿ ಶೇಕಡಾ 97ರಷ್ಟು ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟೇ ವರ್ಷಗಳಲ್ಲಿ ತಿರುಗಿದ ಅಭಿಪ್ರಾಯವನ್ನು ಸಂಸ್ಕೃತಿಯ ಲೆಕ್ಕಕ್ಕೆ ಹಾಕುವುದು ಕಷ್ಟ.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆದು ಹೋಗಬಹುದೇ? ಎರಡನೆಯ ಅರಸುಗಳ ಗ್ರಂಥದ 20ನೆಯ ಅಧ್ಯಾಯವನ್ನು ತೆರೆಯಿರಿ. ಅರಸ ಹಿಜ್ಕೀಯ ಮರಣಕರವಾದ ರೋಗದಲ್ಲಿ ಮಲಗಿದ್ದಾನೆ. ಪ್ರವಾದಿ ಯೆಶಾಯ ಬಂದು, ನಿನ್ನ ಮನೆಯ ವ್ಯವಸ್ಥೆ ಮಾಡಿಕೋ, ನೀನು ಸಾಯುವೆ, ಉಳಿಯುವುದಿಲ್ಲ ಎಂದು ತಿಳಿಸಿ ಹೊರಡುತ್ತಾನೆ. ಅವನು ಹೇಳಿದ್ದು ದೇವರ ವಾಕ್ಯವೇ, ಅದರಲ್ಲಿ ಕುಂದಿಲ್ಲ. ಅರಸ ಗೋಡೆಯತ್ತ ಮುಖ ತಿರುಗಿಸಿ ಬಿಕ್ಕಿ ಅಳುತ್ತಾನೆ, ಪ್ರಾರ್ಥಿಸುತ್ತಾನೆ. ಯೆಶಾಯ ಇನ್ನೂ ಅರಮನೆಯ ಮಧ್ಯದ ಅಂಗಳವನ್ನು ದಾಟಿರಲಿಲ್ಲ. ಹಿಂದಿರುಗಿ ಹೋಗು ಎಂದು ದೇವರು ಅವನಿಗೆ ಅಪ್ಪಣೆ ಮಾಡುತ್ತಾರೆ. ಆ ಕಣ್ಣೀರನ್ನು ತಾವು ಕಂಡಿರುವುದಾಗಿ ತಿಳಿಸಲು ಹೇಳುತ್ತಾರೆ. ಹಿಂದಿರುಗಿದ ಪ್ರವಾದಿ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಲೇಪ ಹಾಕಿಸುತ್ತಾನೆ. ಹದಿನೈದು ವರ್ಷಗಳ ಆಯುಷ್ಯ ಕೂಡಿಬಂದುದನ್ನು ಈ ವೃತ್ತಾಂತದ ಮುಖ್ಯ ಪವಾಡವೆಂದು ನಾವು ಓದುತ್ತೇವೆ. ನನಗಾದರೋ, ಸತ್ಯ ನುಡಿದವನನ್ನು ದೇವರು ಅಂಗಳದಿಂದಲೇ ಹಿಂದಕ್ಕೆ ಕಳುಹಿಸಿದ್ದು ಅಷ್ಟೇ ಮುಖ್ಯವಾಗಿ ತೋರುತ್ತದೆ.

ಯೇಸುಸ್ವಾಮಿಯ ನಡೆಯೂ ಅದೇ. ಲಾಜರನು ನಿದ್ರಿಸುತ್ತಿದ್ದಾನೆ ಎಂದು ಅವರು ಮೊದಲು ಶಿಷ್ಯರಿಗೆ ಹೇಳಿದರು. ಶಿಷ್ಯರಿಗೆ ಅರ್ಥವಾಗದಿದ್ದಾಗ ಅವನು ಸತ್ತನೆಂದು ನೇರವಾಗಿಯೇ ತಿಳಿಸಿದರು. ತಿಳಿಸಿ ದೂರದಲ್ಲೇ ಉಳಿಯಲಿಲ್ಲ. ಬೆಥಾನಿಯಕ್ಕೆ ನಡೆದುಹೋಗಿ, ಅಳುವವರೊಡನೆ ಅತ್ತರು.

ಇನ್ನು ಎಣ್ಣೆಯ ಭಯ. 'ಅಂತಿಮ ಅಭ್ಯಂಗನ' ಎಂಬ ಹಳೆಯ ಹೆಸರೇ ಇದಕ್ಕೆ ಬಹುಪಾಲು ಕಾರಣ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ, 'ರೋಗಿಗಳ ಅಭ್ಯಂಗನ' ಎಂಬ ಹೆಸರು ಹೆಚ್ಚು ಯುಕ್ತವೆಂದೂ ಈ ಸಂಸ್ಕಾರ ಕೊನೆಯುಸಿರಿನ ಗಳಿಗೆಗೆ ಮಾತ್ರ ಮೀಸಲಲ್ಲವೆಂದೂ ಸ್ಪಷ್ಟಪಡಿಸಿತು. ಸಂತ ಯಕೋಬರ ಪತ್ರದಲ್ಲಿ ಸಭೆಯ ಹಿರಿಯರನ್ನು ಕರೆಕಳುಹಿಸುವವನು ಸ್ವತಃ ರೋಗಿಯೇ. ನಮ್ಮಲ್ಲಿ ಪ್ರಜ್ಞೆ ತಪ್ಪಿದ ಮೇಲೆ ರಾತ್ರಿ ಹನ್ನೆರಡಕ್ಕೆ ಗುರುಗಳ ಮನೆಯ ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ಪಾಪನಿವೇದನೆಗೆ ಅವಕಾಶ ತಪ್ಪಿರುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ತಮ್ಮನನ್ನು ಕರೆಸುವ ಅವಕಾಶವೂ, ಮದುವೆಯಾಗದ ಮಗಳ ತಲೆಯ ಮೇಲೆ ಕೈಯಿಡುವ ಅವಕಾಶವೂ ತಪ್ಪಿರುತ್ತದೆ. ಇವೆಲ್ಲ ಆ ತಂದೆಗೆ ಸೇರಿದ್ದವು. ಪ್ರೀತಿಯ ಹೆಸರಿನಲ್ಲಿ ನಾವು ಕಸಿದುಕೊಂಡೆವು.

ಹೇಗೆ ಹೇಳಬೇಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟೇ. ರೋಗಿ ಕೇಳುವವರೆಗೆ ಕಾಯಿರಿ; ತಿಳಿಯಲು ಇಷ್ಟವಿಲ್ಲದವರ ಮೇಲೆ ಹೇರಬೇಡಿ. ಕೇಳಿದಾಗ ಮಾತು ತಿರುಗಿಸಬೇಡಿ. ನಿಂತು ಮಾತಾಡದೆ ಕುಳಿತುಕೊಳ್ಳಿ, ಟೀವಿ ಆರಿಸಿ, ಕೈ ಹಿಡಿಯಿರಿ. ವೈದ್ಯರು ಹೇಳಿದ್ದರಲ್ಲಿ ಅವರು ಕೇಳಿದಷ್ಟನ್ನು ಹೇಳಿ. ಉಳಿದಿರುವ ದಿನಗಳನ್ನು ಎಣಿಸಲು ಹೋಗಬೇಡಿ. ಅದು ವೈದ್ಯರಿಗೂ ತಿಳಿಯದು. ಆ ರಾತ್ರಿ ಮನೆಯವರಲ್ಲಿ ಒಬ್ಬರು ಅದೇ ಕೋಣೆಯಲ್ಲಿ ಮಲಗಲಿ. ಮಾರನೆಯ ಬೆಳಿಗ್ಗೆ ಅವರು ಏನೂ ಕೇಳಿಸಿಕೊಳ್ಳದವರಂತೆ ಮತ್ತೆ ಮೊದಲಿನಿಂದ ವಿಚಾರಿಸಬಹುದು. ಆಗ ಮತ್ತೆ ಕುಳಿತು ಹೇಳಬೇಕಾಗುತ್ತದೆ.