ಅನ್ಯರ ತಪಸ್ಸಿನಿಂದ ನಮ್ಮ ನಿರ್ಜರೆಯುಂಟೇ?

ದಶಲಕ್ಷಣ ಪರ್ವ ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ನಮ್ಮವ್ವ ಉಪವಾಸ ಮಾಡತಾಳ, ಮನಿಮಂದಿಗೆಲ್ಲಾ ಅದರ ಪುಣ್ಯ ಸಾಕು.” ಈ ಮಾತಿನಲ್ಲಿ ವಾತ್ಸಲ್ಯವಿದೆ, ಆದರೆ ಸಿದ್ಧಾಂತವಿದೆಯೇ? ಒಬ್ಬರ ತಪಸ್ಸು ಇನ್ನೊಬ್ಬರ ಕರ್ಮವನ್ನು ಕಳೆಯಬಲ್ಲುದೇ? ಈ ಬಗೆಯ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿ, ಅದರ ಮೇಲೆಯೇ ತನ್ನ ಶ್ರದ್ಧೆಯನ್ನು ನಿಲ್ಲಿಸಿರುವ ಧರ್ಮವೊಂದು ನಮ್ಮ ನೆರೆಯಲ್ಲಿಯೇ ಇದೆ. ಅದನ್ನು ಅರಿತು ವಿಚಾರಿಸುವುದು ಶ್ರಾವಕರಿಗೆ ಹಿತಕರ.

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಆ ಮಿಷನ್ನಿನ ಕಿಟ್ಟೆಲ್ ಪಾದ್ರಿಗಳು ಜೈನ ವಿದ್ವಾಂಸ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. ಆ ಉಪಕಾರವನ್ನು ನೆನೆದೇ ಅವರ ಮತದ ವಿಚಾರಕ್ಕೆ ತೊಡಗೋಣ.

ಕ್ರೈಸ್ತರು ಹೇಳುವುದು ಹೀಗೆ: ಮನುಷ್ಯನ ಪಾಪವು ದೇವರಿಗೆ ವಿರುದ್ಧವಾದ ಅಪರಾಧ, ಅದರ ಫಲ ಮರಣ. ನಿಷ್ಪಾಪಿಗಳಾದ ಯೇಸುಕ್ರಿಸ್ತರು ಆ ಭಾರವನ್ನು ತಾವೇ ಹೊತ್ತು ಶಿಲುಬೆಯ ಮೇಲೆ ಪ್ರಾಣವಿತ್ತರು. ನಂಬಿದವರಿಗೆ ಕ್ಷಮೆ ದೊರೆಯಿತು. 11ನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ ಇದನ್ನು ದೇವರಿಗೆ ಸಲ್ಲಬೇಕಾದ ಋಣದ ಸಂದಾಯವೆಂದು ವಿವರಿಸಿದನು. 16ನೆಯ ಶತಮಾನದ ಸುಧಾರಕರು ನಮ್ಮ ಬದಲಿಗೆ ಅನುಭವಿಸಿದ ದಂಡನೆಯೆಂದರು. ನಿರಪರಾಧಿಯನ್ನು ದಂಡಿಸುವುದು ನ್ಯಾಯವೇ ಎಂದು ಕೇಳಿದರೆ, ಅಲ್ಲಿ ಬಲವಂತಕ್ಕೊಳಗಾದ ಮೂರನೆಯವನಿಲ್ಲ, ದೇವರೇ ಮನುಷ್ಯನಾಗಿ ಬಂದು ಸ್ವೇಚ್ಛೆಯಿಂದ ಸಹಿಸಿದನು ಎಂಬುದು ಅವರ ಸಮಾಧಾನ. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾಗದು.

ಭೇದವಿರುವುದು ಬೇರೆಡೆ. ಪಾಪವು ಋಣವಾದರೆ ಅನ್ಯನು ಅದನ್ನು ತೀರಿಸಬಹುದು; ಅಣ್ಣನ ಸಾಲವನ್ನು ತಮ್ಮ ಕಟ್ಟಿದರೆ ಸಾಹುಕಾರ ಪತ್ರವನ್ನು ಹರಿದುಹಾಕುತ್ತಾನೆ. ಜಿನಾಗಮದಲ್ಲಾದರೋ ಕರ್ಮವು ಋಣವಲ್ಲ, ಪುದ್ಗಲ. ಎಣ್ಣೆ ಸವರಿದ ಮೈಗೆ ಧೂಳು ಅಂಟುವಂತೆ ಕಷಾಯಯುಕ್ತ ಜೀವಕ್ಕೆ ಅದು ಅಂಟುತ್ತದೆ. ಇಲ್ಲಿ ಸಾಹುಕಾರನಿಲ್ಲ, ದಂಡಿಸುವ ನ್ಯಾಯಾಧೀಶನೂ ಇಲ್ಲ. ಆದಕಾರಣ ಮನ್ನಾ ಮಾಡುವವರೂ ಇಲ್ಲ. ತಮ್ಮ ಮಿಂದರೆ ಅಣ್ಣನ ಮೈ ಶುದ್ಧವಾಗದು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನ ಮುಂದೆ ತನ್ನ ದೋಷವನ್ನು ತಾನೇ ನಿವೇದಿಸುವುದು. ಇದನ್ನು ಪ್ರತಿನಿಧಿಯಿಂದ ಮಾಡಿಸಲು ಬರುವುದೇ? ಜನ್ನನ ‘ಯಶೋಧರ ಚರಿತೆ’ಯಲ್ಲಿ ಜೀವದ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತರೂ, ಸಂಕಲ್ಪಹಿಂಸೆಯಿಂದ ತಾಯಿಮಗ ಭವಭವಗಳಲ್ಲಿ ತೊಳಲಿದರು. ಬದಲಿ ವಸ್ತು ಯಾವುದಾದರೇನು, ಬಂಧವು ಹಿಡಿಯುವುದು ಒಳಗಿನ ಭಾವವನ್ನು.

ಹಾಗಾದರೆ ಅನ್ಯರ ತಪಸ್ಸು ನಮಗೆ ನಿಷ್ಪ್ರಯೋಜಕವೇ? ಬಾಲ್ಯದಲ್ಲಿ ಒಮ್ಮೆ, ಬಸದಿಯ ಕಾಣಿಕೆಗೆಂದು ಕೊಟ್ಟ ನಾಲ್ಕಾಣೆಯನ್ನು ತಿಂಡಿಗೆ ಕಳೆದು, ಮನೆಯಲ್ಲಿ ಸುಳ್ಳು ಹೇಳಿದೆನು. ತಾಯಿಯವರು ಎಲ್ಲವನ್ನೂ ಅರಿತಿದ್ದರು. ಬೈಯಲಿಲ್ಲ, ನನಗೆ ಬಡಿಸಿ ತಾವು ಅಂದು ಉಪವಾಸವಿದ್ದರು. ಅವರ ಉಪವಾಸದಿಂದ ನನ್ನ ಸುಳ್ಳಿನ ಬಂಧ ಕಳೆಯಲಿಲ್ಲ. ಆದರೆ ರೊಟ್ಟಿಯ ತುತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಅವರ ಬಳಿ ಹೋಗಿ ನಿಜ ಹೇಳಿದೆನು. ಕಳೆದುದೇನಾದರೂ ಇದ್ದರೆ ಅದು ಆಗ ಕಳೆಯಿತು.

ಶಿಲುಬೆಯ ಮುಂದೆ ಕಣ್ಣೀರಿಡುವ ಕ್ರೈಸ್ತನ ಅಂತರಂಗದಲ್ಲಿಯೂ ಇಂಥದೇನೋ ನಡೆಯುತ್ತಿರಬಹುದು. 12ನೆಯ ಶತಮಾನದ ಅಬೆಲಾರ್ಡ್ ಎಂಬ ಪಂಡಿತನು, ಅಲ್ಲಿ ಪ್ರಕಟವಾದ ಪ್ರೀತಿಯು ಮನುಷ್ಯನ ಹೃದಯವನ್ನು ತಿರುಗಿಸುತ್ತದೆ ಎಂಬುದನ್ನೇ ಒತ್ತಿ ಹೇಳಿದನು. ಅಷ್ಟೇ ಅಲ್ಲ, ಪಾಪಭಾರವೇ ಇಳಿಯಿತು ಎಂಬುದು ಬಹುಮಂದಿ ಕ್ರೈಸ್ತರ ಶ್ರದ್ಧೆ. ಅಲ್ಲಿಂದ ನಮ್ಮ ಹಾದಿ ಬೇರೆ. ನಮ್ಮಲ್ಲಿ ಅನ್ಯರ ತಪಸ್ಸು ನಿಮಿತ್ತ ಮಾತ್ರ. ಉಪಾದಾನವು ನಮ್ಮ ಆತ್ಮಪರಿಣಾಮವೇ. ಅನುಮೋದನೆಯಿಂದ ಪುಣ್ಯವುಂಟೆಂದರೂ, ಅದು ಅನುಮೋದಿಸುವ ನಮ್ಮ ಭಾವದ ಫಲವೇ ಹೊರತು ಅವ್ವನಿಂದ ಹಂಚಿಬಂದ ಪಾಲಲ್ಲ.

ಆದುದರಿಂದ ಬರುವ ಪರ್ವದಲ್ಲಿ ಅವ್ವನ ಉಪವಾಸದ ಮರೆಯಲ್ಲಿ ನಾವು ನಿಶ್ಚಿಂತರಾಗಿ ಉಣ್ಣುವುದು ಬೇಡ. ಆಕೆ ಉಪವಾಸವಿರುವ ದಿನ ನಾವು ಒಂದು ರಸವನ್ನಾದರೂ ತ್ಯಜಿಸೋಣ, ಒಂದು ದೋಷವನ್ನಾದರೂ ಬಾಯಿಬಿಟ್ಟು ಒಪ್ಪಿಕೊಳ್ಳೋಣ. ಆಗ ಆಕೆಯ ತಪಸ್ಸು ನಮ್ಮ ಪಾಲಿಗೂ ಸಾರ್ಥಕವಾದೀತು.