ಪರದೇಶದ ದ್ರವ್ಯವೂ ಊರಿನ ಹಾಡುಗಾರನೂ

ದೂರದೇಶದವರ ಸಹಾಯದಿಂದ ನಮ್ಮ ನಾಡಿನ ಕಥೆಯೊಂದು ಉಳಿದರೆ, ಊರವರ ಹೊಣೆಯು ಅಲ್ಲಿಗೆ ತೀರಿತೋ ಎಂಬ ಪ್ರಶ್ನೆಯು ನಮಗೆ ಅಲ್ಪವೆಂದು ತೋರುವದಿಲ್ಲ.

1980ರ ದಶಕದಲ್ಲಿ ಉಡುಪಿಯ ಜಾನಪದ ರಂಗಕಲೆಗಳ ಕೇಂದ್ರಕ್ಕೆ ಅಮೇರಿಕದ ಫೋರ್ಡ್ ಫೌಂಡೇಶನಿನ ದ್ರವ್ಯವು ಒದಗಿತು. 1990ರಲ್ಲಿ ಫಿನ್‌ಲೆಂಡಿನ ಪಂಡಿತರಾದ ಲೌರಿ ಹೊಂಕೊ ಎಂಬವರು, ವಿವೇಕ ರೈ, ಚಿನ್ನಪ್ಪ ಗೌಡ ಎಂಬ ಈ ನಾಡಿನ ವಿದ್ವಾಂಸರೊಡನೆ, ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಧ್ವನಿಮುದ್ರಿಸಿದರು. ಅದು 15,683 ಸಾಲುಗಳಾಗಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಸಿರಿಯ ಆರಾಧನೆಯು ನಮ್ಮದಲ್ಲ. ಹಾಡಾದರೋ ನಮ್ಮ ನೆರೆಯವರದು.

ಇಂಥ ಸಹಾಯವನ್ನು ಅಪಮಾನವೆಂದು ಜರೆಯುವವರ ಪಕ್ಷವನ್ನು ನಾವು ಹಿಡಿಯೆವು. ಅಳಿಯುವದನ್ನು ಎತ್ತಿಟ್ಟವರಿಗೆ ಉಪಕಾರಸ್ಮರಣೆ ಸಲ್ಲತಕ್ಕದ್ದು. ನಮ್ಮ ಎಷ್ಟೋ ಶಾಲೆಗಳು ಸಹ ಪರದೇಶದ ಕಾಣಿಕೆಯಿಂದ ಎದ್ದವಲ್ಲವೇ?

ಆದರೆ ದಾನಿಯು ಲೆಕ್ಕ ಕೇಳುವನು. ಮುದ್ರಿಕೆ ಎಷ್ಟು, ಪುಸ್ತಕ ಎಷ್ಟು ಎಂದು ಎಣಿಸುವನು. ನಾಟಿಯ ಗದ್ದೆಯಲ್ಲಿ ಒಬ್ಬಳು ಪಾಡ್ದನ ಎತ್ತಿದಾಗ ಕೆಸರಿನೊಳಗಿಂದ ಒಡನೆ ಕೂಡುತ್ತಿದ್ದ ದನಿಗಳು ಆ ಎಣಿಕೆಗೆ ಸಿಕ್ಕುವದಿಲ್ಲ. ಕೇಳುವ ಕಿವಿಯನ್ನು ಯಾವ ಪರದೇಶದವನೂ ಕೊಂಡು ಕೊಡಲಾರನು. ಅಂಗಳಕ್ಕೆ ಬಂದ ಹಾಡುಗಾರನಿಗೆ ಅಕ್ಕಿ ಅಳೆದು ಕೊಟ್ಟು ಇರುಳೆಲ್ಲಾ ಕೂತು ಕೇಳಿದವರು ಬಡವರೇ ಆಗಿದ್ದರು. ಈಗ ಹೆಲ್ಸಿಂಕಿಯಲ್ಲಿ ಪುಸ್ತಕವಿದೆಯಲ್ಲಾ ಎಂದು ನಾವು ಎದ್ದುಹೋದರೆ, ಅವನು ಯಾರ ಮುಂದೆ ಹಾಡಬೇಕು?